ಕೆರೆಯ ದಂಡೆಯಲ್ಲಿ ಕಲಿತ ಪಾಠ



ಮಠದ ಕೆಲಸದ ನಿಮಿತ್ತ ಸೊಲ್ಲಾಪುರಕ್ಕೆ ಹೋದಾಗ ಸಿದ್ಧರಾಮೇಶ್ವರರ ಗದ್ದುಗೆಯ ದರ್ಶನ ಮಾಡಿಕೊಂಡು ಬಂದೆ. ಕೋಟೆಯ ಮಗ್ಗುಲಿಗೆ ಕೆರೆ, ಕೆರೆಯ ನಡುವೆ ಗುಡಿ. ಸಂಕ್ರಾಂತಿ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ನೋಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಾನು ಹೋದದ್ದು ಜನರಿಲ್ಲದ ದಿನ. ದರ್ಶನವಾದ ಮೇಲೆ ನೀರಿನ ದಂಡೆಗೆ ಬಹಳ ಹೊತ್ತು ಕುಳಿತೆ.

12ನೆಯ ಶತಮಾನದಲ್ಲಿ ಸೊನ್ನಲಿಗೆಯೆಂಬ ಈ ಊರಲ್ಲಿ ಸಿದ್ಧರಾಮರು ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು. ಇಷ್ಟು ಮಾಡಿದವರನ್ನು ಯಾರಾದರೂ ಹೊಗಳಬೇಕಲ್ಲವೇ? ಅಲ್ಲಮಪ್ರಭುಗಳು ಬಂದು, ಕಲ್ಲು ಮಣ್ಣಿನಲ್ಲೇ ಮುಳುಗಿದ್ದೀಯೆಂದು ಜರಿದರಂತೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಎಸೆದರೆಂದು ಶೂನ್ಯಸಂಪಾದನೆಯ ಕಥೆ ಹೇಳುತ್ತದೆ. ಪ್ರಭುಗಳಿಗೆ ಕೆರೆಯ ಮೇಲೆ ಸಿಟ್ಟಿರಲಿಲ್ಲ. ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು ಅವರು ತೋರಿಸಿಕೊಟ್ಟರು. ಸಿದ್ಧರಾಮರು ಮುನಿಯಲಿಲ್ಲ. ಅವರೊಡನೆ ಕಲ್ಯಾಣಕ್ಕೆ ನಡೆದರು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು, ಮುಂದೆ ಶೂನ್ಯಸಿಂಹಾಸನವನ್ನೂ ಏರಿದರು. ಕಡೆಗೆ ಇದೇ ಸೊನ್ನಲಿಗೆಗೆ ಮರಳಿ ಸಮಾಧಿಸ್ಥರಾದರು.

ಆಗ ನನ್ನ ಚೀಲದಲ್ಲಿ ದಾಸೋಹ ಭವನದ ಪಾವತಿ ಪುಸ್ತಕವಿತ್ತು. ಕಲ್ಲಿನ ಫಲಕದಲ್ಲಿ ಯಾರ ಹೆಸರು ಮೊದಲು ಎಂದು ಎರಡು ಮನೆತನದವರು ಮಾತು ಬಿಟ್ಟದ್ದು ನಿಮಗೆ ಗೊತ್ತಿದೆ. ಅವರಿಗೆ ಬುದ್ಧಿ ಹೇಳಲು ನಾನು ಎರಡು ಸಲ ಹೋಗಿದ್ದೆ. ಆದರೆ ಅದೇ ಫಲಕದ ಕರಡಿನಲ್ಲಿ ‘ಕಾರ್ಯದರ್ಶಿ’ ಎಂದು ನನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದವನು ನಾನೇ! ಬಿ.ಕಾಂ. ಓದಿ ಇಷ್ಟು ವರ್ಷ ಜಮಾ ಖರ್ಚು ಬರೆದವನಿಗೆ ಈ ಒಂದು ಬಾಕಿ ಕಂಡಿರಲಿಲ್ಲ.

ಊರಿಗೆ ಬಂದು ಪೂಜ್ಯರ ಪಾದಕ್ಕೆ ಎಲ್ಲವನ್ನೂ ಅರಿಕೆ ಮಾಡಿದೆ. ಅವರ ಅಪ್ಪಣೆಯಂತೆ ಫಲಕ ಹಾಕುವುದಿಲ್ಲ. ಕೊಟ್ಟವರ ಹೆಸರು, ಮೊತ್ತ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಯಾರು ಬೇಕಾದರೂ ಬಂದು ನೋಡಬಹುದು. ಬೇಸರವಾದವರು ನನ್ನನ್ನು ಕರೆಯಿರಿ, ನಾನೇ ಮನೆಗೆ ಬರುತ್ತೇನೆ.

ಮಳೆಗಾಲಕ್ಕೆ ಮುಂಚೆ ನಿಮ್ಮೂರ ಕೆರೆಯಲ್ಲಿ ಹೂಳು ಎತ್ತುವ ದಿನ ಎಲ್ಲರೂ ಬುಟ್ಟಿ ಹಿಡಿಯೋಣ. ಆ ಎರಡು ಮನೆತನದ ಹಿರಿಯರೂ ಬರಬೇಕೆಂದು ಈ ಮೂಲಕ ಕೈಮುಗಿದು ಕೇಳುತ್ತೇನೆ.

ಶರಣು ಶರಣಾರ್ಥಿ.

— ಕಾರ್ಯದರ್ಶಿ, ಶ್ರೀಮಠ