ಬೇಡ ಎನ್ನುವ ಹಕ್ಕು

ದಾನ ಕೊಡುವವರ ಗುಣಗಾನ ಬೇಕಾದಷ್ಟು ನಡೆದಿದೆ. ಇಸಕೊಳ್ಳುವವನಿಗೆ ‘ಬೇಡ’ ಅನ್ನೋ ಹಕ್ಕಿದೆಯೇ ಎಂದು ಕೇಳಿದವರು ಕಡಿಮೆ.

1902ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಉಳ್ಳವರ ಮನೆಗಳಿಂದ ಹಳೆ ಬಟ್ಟೆ, ಸಾಮಾನು ಕೂಡಿಸಿ, ಬಡವರಿಗೆ ಕೂಲಿ ಕೊಟ್ಟು ರಿಪೇರಿ ಮಾಡಿಸಿ ಮಾರತೊಡಗಿದ. ಅದೇ ಇಂದಿನ ಗುಡ್‌ವಿಲ್. ಅಮೆರಿಕ, ಬ್ರಿಟನ್ನುಗಳಲ್ಲಿ ಇಂಥ ಅಂಗಡಿಗಳು ಬಹಳ. ತಾವು ತಗೊಳ್ಳದ ಸಾಮಾನುಗಳದೊಂದು ಪಟ್ಟಿಯನ್ನೂ ಅವು ಇಟ್ಟುಕೊಂಡಿರುತ್ತವೆ.

ಅದರಲ್ಲಿ ಏನಿದೆ? ಬಳಸಿದ ಹಾಸಿಗೆಯನ್ನು ಅನೇಕರು ಮುಟ್ಟುವುದಿಲ್ಲ. ಒಳಗೆ ತಿಗಣೆ ಇದ್ದರೆ ಕೊಂಡವನ ಮನೆ ತುಂಬ ತಿಗಣೆ. ಕಾರಿನಲ್ಲಿ ಕೂಸು ಕೂರಿಸುವ ಸೀಟು ಬೇಡ. ಅದು ಅಪಘಾತ ಕಂಡಿದ್ದರೆ ಒಳಗಿನ ಬಿರುಕು ಕಣ್ಣಿಗೆ ಕಾಣದು. ಬ್ರಿಟನ್ನಿನಲ್ಲಿ 1988ರ ಬೆಂಕಿ ಸುರಕ್ಷತೆಯ ನಿಯಮ ಬಂದ ಮೇಲೆ, ಅದರ ಚೀಟಿ ಕಿತ್ತುಹೋದ ಸೋಫಾವನ್ನು ವಾಪಸು ಕಳಿಸುತ್ತಾರೆ.

ಅಮೆರಿಕದಲ್ಲಿ ಒಂದು ಬದಿ ಕೆಳಗೆ ಜಾರುವಂಥ ಕೂಸಿನ ಮಂಚಗಳಿದ್ದವು. ಅವುಗಳ ಸಂದಿಗೆ ಸಿಕ್ಕಿ ಹಲವು ಹಸುಗೂಸುಗಳು ಉಸಿರುಗಟ್ಟಿ ಸತ್ತವು. 2011ರಲ್ಲಿ ಅವುಗಳ ಮಾರಾಟಕ್ಕೇ ನಿಷೇಧ ಬಂತು. ‘ಮಾರಬಾರದಾದ್ರೆ ಪುಕ್ಕಟೆ ಕೊಡ್ತೀನಿ ಬಿಡಿ’ ಅನ್ನುವವರಿಗೂ ಅಲ್ಲಿನ ಸುರಕ್ಷತಾ ಆಯೋಗದ ಮಾತು ಒಂದೇ: ಯಾರಿಗೂ ಕೊಡಬೇಡಿ, ಬಿಚ್ಚಿ ಎಸೆಯಿರಿ.

ಕೊಟ್ಟವನು ಪುಣ್ಯ ಕಟ್ಟಿಕೊಂಡು ಮನೆಗೆ ಹೋಗುತ್ತಾನೆ. ಆ ಮಂಚದಲ್ಲಿ ಮಲಗುವುದು ಬಡವಳ ಕೂಸು. ತನ್ನ ಕೂಸಿಗೆ ಆಗದ್ದು ಅವಳ ಕೂಸಿಗೆ ಆದೀತು ಅನ್ನುವುದಾದರೆ, ಎರಡು ಜೀವಕ್ಕೆ ಎರಡು ಬೆಲೆ ಕಟ್ಟಿದಂತಾಯಿತು.

ಈ ಎರಡು ಬೆಲೆಯ ಲೆಕ್ಕ ನಮಗೇನು ಹೊಸದೇ, ಗೆಳೆಯರೇ? ಶೂದ್ರ ಸೇವಕನಿಗೆ ಎಂಜಲನ್ನ, ಹಳೆ ಬಟ್ಟೆ, ಮನೆಯ ಹಳೆ ಸಾಮಾನು ಕೊಡತಕ್ಕದ್ದೆಂದು ಮನುಸ್ಮೃತಿ ವಿಧಿಸಿತ್ತು. ಅವನಿಗೆ ಬೇಕೋ ಬೇಡವೋ ಎಂದು ಅದು ಕೇಳಲಿಲ್ಲ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಪುಸ್ತಕ ಸುಟ್ಟರು. ಆದರೆ ಎಸೆಯುವುದನ್ನೇ ದಾನ ಅನ್ನುವ ಬುದ್ಧಿ ಇನ್ನೂ ಪೂರ್ತಿ ಸುಟ್ಟಿಲ್ಲ.

‘ಏನೂ ಇಲ್ಲದವನಿಗೆ ಇದಾದರೂ ಸಿಗಲಿ’ ಎಂಬ ಮಾತು ಕರುಣೆಯಂತೆ ಕೇಳಿಸುತ್ತದೆ. ಗತಿಯಿಲ್ಲದೆ ಕೈಚಾಚಿದ್ದು ಒಪ್ಪಿಗೆಯಲ್ಲ. ಹಳೆಯದೆಲ್ಲ ಕೆಟ್ಟದ್ದೂ ಅಲ್ಲ. ಗಟ್ಟಿ ಕುರ್ಚಿ, ಒಗೆದ ಅಂಗಿ ಯಾರಿಗೂ ಅವಮಾನವಲ್ಲ. ಆ ಪಟ್ಟಿಯಿಂದ ಬಡತನ ಹೋಗುವುದಿಲ್ಲ, ನಿಜ. ಬಡವನ ಮೈಯೂ ಮೈಯೇ ಎಂಬುದನ್ನಾದರೂ ಅದು ಒಪ್ಪಿಕೊಂಡಿದೆ. ಪಟ್ಟಿ ಇಲ್ಲದ ಕಡೆ ಕೊಡುವವನು ತನ್ನನ್ನೇ ಕೇಳಿಕೊಳ್ಳಲಿ: ಇದನ್ನು ನನ್ನ ಕೂಸಿಗೆ ಹಾಸುತ್ತೇನೆಯೇ?