ಮಗನೊಡನೆ ಕರಾರೇ?

ಚಿಕ್ಕೋಡಿ, ರಾಯಬಾಗ ಸೀಮೆಯ ಅನೇಕ ವೃದ್ಧರ ಆಸ್ತಿಯೆಂದರೆ ಕಬ್ಬಿನ ಹೊಲವೇ. ಅದನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಔಷಧಕ್ಕೂ ಅವನ ಕೈ ಕಾಯಬೇಕು. ಆದರೂ 'ಕೊನೆತನಕ ನೋಡಿಕೊಳ್ಳತಕ್ಕದ್ದು' ಎಂದು ಬರೆಸಲು ತಂದೆಗೆ ಸಂಕೋಚ.

2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮಿನಂತೆ, ಆ ಷರತ್ತು ಮುರಿದರೆ ದಾನವನ್ನು ರದ್ದುಗೊಳಿಸಬಹುದು. ಅರ್ಜಿ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳಿಗೆ. ಷರತ್ತೇ ಇರದಿದ್ದರೆ ಈ ಆಸರೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು.

ಕರಾರು ಕೆಟ್ಟ ಮಗನಿಗೆ ಮಾತ್ರವೆಂದು ಭಾವಿಸಬಾರದು. ಒಳ್ಳೆಯವನಿಗೂ ಬೆಳೆ ಕೈಕೊಡುತ್ತದೆ, ಸಾಲ ಏರುತ್ತದೆ. ಆಗ ಮೊದಲು ಮರೆತುಹೋಗುವುದು, ಬಾಯಿಬಿಟ್ಟು ಕೇಳದ ಮುದುಕರ ಗುಳಿಗೆ. ಹೊಲ ಉಣ್ಣುವವನು ಹೊಲದ ಋಣವನ್ನೂ ಹೊರುವುದು ಧರ್ಮ. ಪ್ರೀತಿಯನ್ನು ಯಾವ ಪತ್ರದಲ್ಲಿಯೂ ಬರೆಸಲಾಗದು, ಅನ್ನವನ್ನು ಬರೆಸಬಹುದು. ಬೇಡದೆ ಉಣ್ಣುವ ತಂದೆಯನ್ನು ಪ್ರೀತಿಸುವುದು ಮಗನಿಗೂ ಸುಲಭ.