ನೋಡುವವರ ಅಧಿಕಾರ

ಬೇಸಗೆಯ ರಜೆ ಬರುವುದಕ್ಕೆ ತಿಂಗಳು ಮುಂಚೆಯೇ ಮನೆಮನೆಗಳಲ್ಲಿ ಪ್ರವಾಸದ ಆಲೋಚನೆ ಆರಂಭವಾಗುತ್ತದೆ. ಹಿಂದೆ ಈ ಆಲೋಚನೆಗೆ ತೀರ್ಥಕ್ಷೇತ್ರವೋ ನಂಟರ ಊರೋ ಗುರಿಯಾಗಿರುತ್ತಿತ್ತು. ಈಗ ಮಕ್ಕಳ ಮಾತಿಗೆ ಹೆಚ್ಚಿನ ಬೆಲೆ ಬಂದಿದೆ. ಅದು ತಪ್ಪೆಂದು ಹೇಳಲಾಗದು. ಧಾರವಾಡದ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಯಜಮಾನರು, ಅವರ ಪತ್ನಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಎಪ್ಪತ್ತು ದಾಟಿದ ಅಜ್ಜಿ. ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಮೇಲೆ ಕಾರವಾರಕ್ಕೆ ಹೋಗುವುದೆಂದೂ ಅಲ್ಲಿ ಮಕ್ಕಳಿಗೆ ಡಾಲ್ಫಿನ್‌ಗಳನ್ನು ತೋರಿಸುವುದೆಂದೂ ನಿಶ್ಚಯವಾಗಿದೆ. ಯಜಮಾನರು ಒಂದು ಕಾಗದದಲ್ಲಿ ದಿನಚರಿಯನ್ನು ಬರೆದಿದ್ದಾರೆ: ಮುಂಜಾನೆ 7 ಗಂಟೆಗೆ ದೋಣಿ, 8 ಗಂಟೆಗೆ ಡಾಲ್ಫಿನ್, 9 ಗಂಟೆಗೆ ಉಪಾಹಾರ. ಅಜ್ಜಿ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿ, "ಎಂಟು ಗಂಟೇಕ್ಕ ಬರಬೇಕಂತ ಅವಕ್ಕ ಯಾರು ಹೇಳ್ಯಾರೋ?" ಎಂದರು. ಎಲ್ಲರೂ ನಕ್ಕರು. ನಗು ತೀರಿದ ಮೇಲೂ ಪ್ರಶ್ನೆ ಮಾತ್ರ ಅಲ್ಲಿಯೇ ಉಳಿಯಿತು.

ಅದಕ್ಕೆ ದೋಣಿಯವನಲ್ಲಿ ಒಂದು ಉತ್ತರವಿದೆ. "ಖಂಡಿತ ತೋರಿಸುತ್ತೇವೆ, ಕಾಣದಿದ್ದರೆ ಹಣ ಬೇಡ." ಕೇಳುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ವ್ಯಾಪಾರದ ಮಾತು ಇರಲಾರದು. ಮಾಲು ಚೆನ್ನಾಗಿಲ್ಲದಿದ್ದರೆ ಬೆಲೆ ಕೊಡಬೇಡಿ ಎನ್ನುವ ಅಂಗಡಿಯವನನ್ನು ಯಾರು ದೂರುತ್ತಾರೆ? ಆದರೆ ಇಲ್ಲಿ ಮಾಲು ಯಾವುದು ಎಂಬುದನ್ನು ಸ್ವಲ್ಪ ನಿಂತು ವಿಚಾರಿಸಬೇಕು. ಕಾಣದಿದ್ದರೆ ಅಂದಿನ ಕೂಲಿ ಹೋಯಿತೆಂದ ಮೇಲೆ ದೋಣಿಯವನು ಕಾಣುವವರೆಗೂ ಹುಡುಕಲೇಬೇಕು, ಕಂಡ ಮೇಲೆ ಹತ್ತಿರ ಹೋಗಲೇಬೇಕು, ಅದು ಮುಳುಗಿದರೆ ಮತ್ತೆ ಏಳುವ ಕಡೆಗೆ ಯಂತ್ರವನ್ನು ತಿರುಗಿಸಲೇಬೇಕು. ಮನುಷ್ಯರಿಬ್ಬರ ನಡುವಣ ಈ ಕರಾರಿನಲ್ಲಿ ನಷ್ಟದ ಭಯ ಗಿರಾಕಿಗೂ ಇಲ್ಲ. ದೋಣಿಯವನು ಅದನ್ನು ತನ್ನ ಮೇಲೆ ಹೊತ್ತುಕೊಂಡಂತೆ ತೋರಿ, ಕೊನೆಗೆ ನೀರಿನೊಳಗಿನ ಪ್ರಾಣಿಯ ಮೇಲೆ ಇಳಿಸುತ್ತಾನೆ. ಕರಾರಿನಲ್ಲಿ ಅದರ ಸಹಿಯಿಲ್ಲ.

ನೋಡುವುದು ನಿರಪರಾಧವಾದ ಕ್ರಿಯೆಯೆಂದು ಲೋಕದ ನಂಬಿಕೆ. ನಾಲಗೆ ತಾನು ಸವಿದುದನ್ನು ಇಲ್ಲವಾಗಿಸುತ್ತದೆ. ಕೈ ತಾನು ಹಿಡಿದುದನ್ನು ಬಂಧಿಸುತ್ತದೆ. ಕಣ್ಣಾದರೋ ನೋಡಿದ ವಸ್ತುವನ್ನು ಇದ್ದಂತೆಯೇ ಬಿಡುತ್ತದೆ. ಹತ್ತು ಸಾವಿರ ಜನ ನೋಡಿದರೂ ಜೋಗದ ನೀರು ಒಂದು ಹನಿ ಕಡಿಮೆಯಾಗುವುದಿಲ್ಲ. ಈ ನ್ಯಾಯದಿಂದ, ಬೇಟೆಗಾರನಿಗೂ ಪ್ರವಾಸಿಗೂ ಅಜಗಜಾಂತರವೆಂದು ಪ್ರವಾಸಿ ಸಮಾಧಾನ ಪಡುತ್ತಾನೆ. ಜಲಪಾತದ ಮಟ್ಟಿಗೆ ಈ ಮಾತು ನಿಜ. ಆದರೆ ಜಲಪಾತಕ್ಕೆ ಕಿವಿಯಿಲ್ಲ, ಮರಿಯಿಲ್ಲ, ನಿದ್ದೆಯಿಲ್ಲ.

ಕಾರವಾರದ ಕಡಲಿನಲ್ಲಿ, ವಿಶೇಷವಾಗಿ ಕಾಳೀನದಿಯ ಅಳಿವೆ, ದೇವಬಾಗ, ಕೂರ್ಮಗಡ ಇವುಗಳ ಆಸುಪಾಸಿನಲ್ಲಿ ಕಾಣುವುದು ಬೆನ್ನಿನ ಮೇಲೆ ಗೂನಿರುವ ಡಾಲ್ಫಿನ್ ಜಾತಿ. (ಕೂರ್ಮಗಡಕ್ಕೆ ಆ ಹೆಸರು ಬಂದುದು ಆಮೆಯಂತಿರುವ ಅದರ ಆಕಾರದಿಂದ, ಕಡಲ ಪ್ರಾಣಿಯನ್ನು ದೂರದಿಂದ ನೋಡಿ ಬಲ್ಲ ಜನರೇ ದ್ವೀಪಕ್ಕೆ ಅಂಥ ಹೆಸರಿಟ್ಟಿರಬೇಕು.) ಈ ಜಾತಿ ಮೀನಲ್ಲ. ನಮ್ಮಂತೆಯೇ ಬಿಸಿ ರಕ್ತದ್ದು, ಶ್ವಾಸಕೋಶದಿಂದ ಉಸಿರಾಡುವಂಥದು, ಒಂದು ಬಾರಿಗೆ ಒಂದೇ ಮರಿಯನ್ನು ಹೆತ್ತು ನೀರೊಳಗೆ ಹಾಲೂಡಿಸುವಂಥದು. ಇದರ ಸಂಸಾರವೆಲ್ಲ ದಡದ ಮಗ್ಗುಲಿನ ಆಳವಿಲ್ಲದ ನೀರಿನಲ್ಲಿ ನಡೆಯುತ್ತದೆ. ಬೇರೆ ಕೆಲವು ಡಾಲ್ಫಿನ್‌ಗಳು ಕಾಟ ಹೆಚ್ಚಾದರೆ ನಡುಗಡಲಿಗೆ ಹೋಗಿಬಿಡಬಲ್ಲವು. ಇದಕ್ಕೆ ಆ ಆಸರೆಯಿಲ್ಲ. ಮನುಷ್ಯನ ಬಲೆ, ಬಂದರು, ಕೊಳಚೆ, ದೋಣಿ ಎಲ್ಲವೂ ಇರುವ ಕಿರಿದಾದ ಪಟ್ಟಿಯೇ ಅದರ ಮನೆ. ಪ್ರಪಂಚದಲ್ಲಿ ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಯಲ್ಲಿ, ಹುಲಿಯಿರುವ ಪಂಕ್ತಿಯಲ್ಲಿಯೇ, ಡಾಲ್ಫಿನ್‌ಗೂ ಸ್ಥಾನವಿದೆ.

ದೋಣಿಯಲ್ಲಿ ಕುಳಿತವರು "ಅಗೋ, ಎದ್ದಿತು!" ಎಂದು ಕೂಗುವ ಆ ಕ್ಷಣ ಯಾವುದು? ಅದು ಉಸಿರಿಗಾಗಿ ಮೇಲೆ ಬಂದ ಕ್ಷಣ. ನೋಡುವವರಿಗೆ ಯಾವುದು ನೋಟವೋ ಅದಕ್ಕೆ ಅದು ಉಸಿರು. ಮಕ್ಕಳಿಗೆ ಡಾಲ್ಫಿನ್ ತೋರಿಸುವುದಾಗಿ ಭರವಸೆ ಕೊಟ್ಟ ತಂದೆ ತಿಳಿಯದೆಯೇ ಅದರ ಉಸಿರಿನ ವೇಳೆಯನ್ನು ಗೊತ್ತುಮಾಡಿದ್ದಾನೆ. ಇನ್ನು ಕಿವಿಯ ಮಾತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸಿದರೆ ನೀರಿನಲ್ಲಿ ಸುಮಾರು 1500 ಮೀಟರು ಚಲಿಸುತ್ತದೆ. ಕಲಕಿದ ನೀರಿನಲ್ಲಿ ಕಣ್ಣಿನಿಂದ ಆಗದ ಕೆಲಸವನ್ನು ಈ ಪ್ರಾಣಿ ಶಬ್ದದಿಂದ ಮಾಡಿಕೊಳ್ಳುತ್ತದೆ. ತಾನೇ ಸಣ್ಣ ಸಣ್ಣ ಸದ್ದುಗಳನ್ನು ಹೊರಡಿಸಿ, ಮರಳಿದ ಪ್ರತಿಧ್ವನಿಯಿಂದ ಬೇಟೆಯನ್ನೂ ದಾರಿಯನ್ನೂ ಅರಿಯುತ್ತದೆ. ಅಂಥ ನೀರಿನಲ್ಲಿ ನಾಲ್ಕು ಯಂತ್ರದ ದೋಣಿಗಳು ಸುತ್ತುಗಟ್ಟುವುದೆಂದರೆ, ಕುರುಡನು ಕೋಲಿನಿಂದ ದಾರಿ ತಡವರಿಸುತ್ತಿರುವಾಗ ನಾಲ್ಕು ಜನ ಸೇರಿ ಆ ಕೋಲನ್ನು ಅಲುಗಾಡಿಸಿದಂತೆ. ಅವರು ಅವನನ್ನು ಹೊಡೆಯಲಿಲ್ಲ, ನಿಜ.

ಹವಾಯಿ ದ್ವೀಪಗಳಲ್ಲಿ ಇನ್ನೊಂದು ಜಾತಿಯ ಡಾಲ್ಫಿನ್‌ಗಳಿವೆ. ಇರುಳೆಲ್ಲ ದೂರದ ಕಡಲಿನಲ್ಲಿ ಬೇಟೆಯಾಡಿ, ಹಗಲು ದಡದ ಕೊಲ್ಲಿಗಳಿಗೆ ಬಂದು ವಿಶ್ರಮಿಸುತ್ತವೆ. ಅವು ಬೆಳಗ್ಗೆ ಕೊಲ್ಲಿಗೆ ಬರುವುದನ್ನು ಕಂಡ ಪ್ರವಾಸಿಗಳು ತಮ್ಮೊಡನೆ ಆಡಲು ಬಂದವೆಂದೇ ತಿಳಿದು ನೀರಿಗೆ ಧುಮುಕುತ್ತಿದ್ದರು. ಮಲಗುವ ಮನೆಗೆ ನೆಂಟರು ನುಗ್ಗಿದ ಹಾಗಾಯಿತು. ಅಮೆರಿಕದ ಸರಕಾರ 2021ರಲ್ಲಿ ಅವುಗಳ 50 ಗಜದೊಳಗೆ ಯಾರೂ ಹೋಗಕೂಡದೆಂದು ವಿಧಿಸಬೇಕಾಯಿತು. ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಬೇ ಎಂಬ ಕೊಲ್ಲಿಯ ಕಥೆ ಇನ್ನೂ ವಿಚಾರಾರ್ಹವಾದುದು. ಅಲ್ಲಿಯ ಮಂಕಿ ಮಿಯಾ ಎಂಬ ದಡದಲ್ಲಿ 1960ರ ದಶಕದಿಂದ ಜನ ಡಾಲ್ಫಿನ್‌ಗಳಿಗೆ ಕೈಯಾರೆ ಮೀನು ತಿನಿಸುತ್ತ ಬಂದರು. ಇದಕ್ಕಿಂತ ನಿರ್ಮಲವಾದ ಸ್ನೇಹ ಯಾವುದೆಂದು ಎಲ್ಲರೂ ಮೆಚ್ಚಿದರು. ಕೆಲವು ವರ್ಷಗಳ ಮೇಲೆ ವಿದ್ವಾಂಸರು ಲೆಕ್ಕವಿಟ್ಟು ನೋಡಲಾಗಿ, ಹಾಗೆ ತಿನಿಸಿಕೊಂಡ ತಾಯಂದಿರ ಮರಿಗಳು ಇತರ ಮರಿಗಳಿಗಿಂತ ಹೆಚ್ಚಾಗಿ ಸಾಯುತ್ತಿದ್ದುವು. ತಾಯಿ ಮೊಣಕಾಲುದ್ದದ ನೀರಿನಲ್ಲಿ ಮನುಷ್ಯರ ಮುಂದೆ ಕಾದಿರುತ್ತಿದ್ದಳು. ಅಷ್ಟು ತೆಳುವಾದ ನೀರಿನಲ್ಲಿ ಮರಿಗೆ ಹಾಲು ಕುಡಿಯಲಾಗದು. 1995ರಲ್ಲಿ ತಿನಿಸುವ ಕ್ರಮವನ್ನು ಬಿಗಿಗೊಳಿಸಿದ ತರುವಾಯ ಮರಿಗಳು ಹೆಚ್ಚಾಗಿ ಉಳಿದುಕೊಂಡವು. ಅದೇ ಕೊಲ್ಲಿಯಲ್ಲಿ ಪ್ರವಾಸದ ದೋಣಿಗಳು ಒಂದರಿಂದ ಎರಡಾದಾಗ ಆ ಭಾಗದ ಡಾಲ್ಫಿನ್‌ಗಳು ನೂರಕ್ಕೆ ಸುಮಾರು 15ರಷ್ಟು ಕಡಿಮೆಯಾದವೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು; ಸರಕಾರ ಪರವಾನಗಿಯನ್ನು ಮತ್ತೆ ಒಂದಕ್ಕೆ ಇಳಿಸಿತು. ಆ ದೋಣಿಗಳಲ್ಲಿ ಕುಳಿತವರೆಲ್ಲ ಪ್ರಾಣಿಗಳನ್ನು ಪ್ರೀತಿಸುವವರೇ. ದ್ವೇಷಿಸುವವನು ಹಣ ಕೊಟ್ಟು ನೋಡಲು ಏಕೆ ಹೋದಾನು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ನೋಡದವರು ಪ್ರೀತಿಸುವುದೆಂತು? ಪ್ರೀತಿಸದವರು ಕಾಪಾಡುವುದೆಂತು? ಇಂದು ದೋಣಿಯಲ್ಲಿ ಕುಳಿತು ಕಣ್ಣರಳಿಸಿದ ಹುಡುಗಿ ನಾಳೆ ಕಡಲಿನ ಪಕ್ಷವಹಿಸಿ ಮಾತನಾಡಬಹುದು. ಪುಸ್ತಕದ ಚಿತ್ರದಿಂದ ಆ ಕೆಲಸವಾಗುವುದಿಲ್ಲ. ಈ ವಾದವನ್ನೇ ಹಿಡಿದು, ಹಾಗಾದರೆ ಕಾಡಿನ ಕಡಲಿನ ಪ್ರಾಣಿಗೆ ಕಾಟವೇಕೆ, ನಾಲ್ಕನ್ನು ತಂದು ಕೊಳದಲ್ಲಿಟ್ಟರೆ ಎಲ್ಲ ಮಕ್ಕಳೂ ನೋಡಬಹುದಲ್ಲ ಎಂದವರೂ ಇದ್ದರು. 1990ರ ದಶಕದ ಕೊನೆಯಲ್ಲಿ ಚೆನ್ನೈಗೆ ಹಾಗೆ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದವು. 2013ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಭಾರತದಲ್ಲಿ ಎಲ್ಲಿಯೂ ಡಾಲ್ಫಿನ್‌ಗಳನ್ನು ಪ್ರದರ್ಶನಕ್ಕಾಗಿ ಕೊಳದಲ್ಲಿ ಇಡಕೂಡದೆಂದು ತಿಳಿಸಿತು. ಆ ದಾರಿ ಮುಚ್ಚಿದುದು ಒಳ್ಳೆಯದಾಯಿತು. ಆದರೆ ಮೂಲದ ಆಕ್ಷೇಪ ಅದರಿಂದ ತೀರುವುದಿಲ್ಲ.

ಅದಕ್ಕೆ ಉತ್ತರವನ್ನು ಸೌರಾಷ್ಟ್ರದ ಬೆಸ್ತರ ನಡುವೆ ಹುಡುಕಬಹುದು. ಅಲ್ಲಿಯ ಕಡಲಿಗೆ ತಿಮಿಂಗಿಲ ಶಾರ್ಕ್ ಎಂಬ, ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದಾದ ಮೀನು ಬರುತ್ತದೆ. ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸವನ್ನು ಪರದೇಶಕ್ಕೆ ಮಾರುತ್ತಿದ್ದರು. 2001ರಲ್ಲಿ ಶಾಸನ ಅದರ ಬೇಟೆಯನ್ನು ನಿಷೇಧಿಸಿತು. ಶಾಸನ ಕಡಲಿನವರೆಗೆ ತಲುಪುವುದು ಎಷ್ಟು ಕಷ್ಟವೆಂಬುದು ಎಲ್ಲರೂ ಬಲ್ಲ ವಿಷಯ. 2004ರಲ್ಲಿ ರಾಮಕಥೆಯನ್ನು ಹೇಳುವ ಮೊರಾರಿ ಬಾಪು ಆ ಜನಕ್ಕೆ ಒಂದು ಮಾತು ಹೇಳಿದರು: ಇದು ಹೆರಿಗೆಗೆಂದು ತವರಿಗೆ ಬರುವ ಮಗಳು. ಅಲ್ಲಿಂದ ಮುಂದೆ ಬಲೆಗೆ ಬಿದ್ದ ಮೀನನ್ನು ಬಿಡುವುದಕ್ಕೆ ಬೆಸ್ತರು ತಮ್ಮ ಬಲೆಗಳನ್ನು ತಾವೇ ಕತ್ತರಿಸಿದರು. ಹರಿದ ಬಲೆಗೆ ಸರಕಾರ ಪರಿಹಾರ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ಬಡವನ ಧರ್ಮಕ್ಕೆ ಸ್ವಲ್ಪ ಹಣದ ಆಸರೆಯಿದ್ದರೆ ಅದು ಧರ್ಮವಾಗದೆ ಹೋಗುವುದಿಲ್ಲ. ಹೀಗೆ ನೂರಾರು ಮೀನುಗಳು ಕಡಲಿಗೆ ಮರಳಿದವು. ಗಮನಿಸಬೇಕಾದುದೇನೆಂದರೆ, ಈ ಬೆಸ್ತರು ಆ ಮೀನನ್ನು ಮೊದಲು ನೋಡದವರಲ್ಲ. ತಲೆತಲಾಂತರದಿಂದ ದಿನವೂ ನೋಡಿ ಕೊಂದವರು. ನೋಟ ಬದಲಾಗಲಿಲ್ಲ, ನಂಟು ಬದಲಾಯಿತು. ಮಗಳೆಂದ ಮೇಲೆ ಅವಳು ಬಂದಾಗ ಬರಲಿ, ಹೋಗುವಾಗ ಹೋಗಲಿ ಎಂಬ ಮರ್ಯಾದೆ ತಾನಾಗಿ ಹುಟ್ಟಿತು.

ನಮ್ಮ ಭಾಷೆಯಲ್ಲಿ ದರ್ಶನವೆಂಬ ಮಾತಿದೆ. ದೇವರನ್ನು ನೋಡಲು ಹೋದವನು ಬಾಗಿಲು ಹಾಕಿದ್ದರೆ ಕಂಬಕ್ಕೊರಗಿ ಕುಳಿತು ಕಾಯುತ್ತಾನೆ, ಬಾಗಿಲು ಒಡೆಯುವುದಿಲ್ಲ. ದರ್ಶನ ಕೊಡುವುದು ನೋಡಲ್ಪಡುವವರ ಇಷ್ಟ. (ಈಚೆಗೆ ದೇವಾಲಯಗಳಲ್ಲಿಯೂ ಹೆಚ್ಚು ಹಣಕ್ಕೆ ಬೇಗನೆ ದರ್ಶನವಾಗುವ ಏರ್ಪಾಡು ಬಂದಿದೆ, ಕಾರವಾರದ ದೋಣಿಯವನನ್ನು ಮಾತ್ರ ಬಯ್ಯುವುದು ನ್ಯಾಯವಲ್ಲ.) ಭಾಗವತದ ಪಂಚಮಸ್ಕಂಧದಲ್ಲಿ ನಕ್ಷತ್ರಮಂಡಲವನ್ನೆಲ್ಲ ಶಿಶುಮಾರವೆಂಬ ಜಲಚರದ ಆಕಾರದಲ್ಲಿ ಭಾವಿಸಿ, ಅದರ ಬಾಲದ ತುದಿಯಲ್ಲಿ ಧ್ರುವನನ್ನು ಇಟ್ಟಿದ್ದಾರೆ. ನೀರಿನಿಂದ ಆಗಾಗ ತಲೆಯೆತ್ತಿ ಮರೆಯಾಗುವ ಒಂದು ಪ್ರಾಣಿಯನ್ನು ಇಷ್ಟು ದೊಡ್ಡದಾಗಿ ಕಾಣುವುದಕ್ಕೆ ಅವರಿಗೆ ಅದನ್ನು ಬೆನ್ನಟ್ಟುವ ಅಗತ್ಯ ಬೀಳಲಿಲ್ಲ.

ಕಾರವಾರಕ್ಕೆ ಬಂದ ಪ್ರವಾಸಿಗಳಲ್ಲಿ ಒಬ್ಬರನ್ನು ಇಲ್ಲಿ ನೆನೆಯಬಹುದು. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ರವೀಂದ್ರನಾಥ ಠಾಕೂರರು ಬಂದಿದ್ದರು. ಆಗ ಅವರಿಗೆ ಇಪ್ಪತ್ತೆರಡು ವಯಸ್ಸು. ಒಂದು ಬೆಳುದಿಂಗಳ ರಾತ್ರಿ ಜೊತೆಯವರೊಡನೆ ದೋಣಿಯಲ್ಲಿ ಕಾಳೀನದಿಯ ಮೇಲಕ್ಕೆ ಹೋಗಿ, ಮರಳುವಾಗ ದೋಣಿಯನ್ನು ನೀರಿನ ಸೆಳವಿಗೆ ಬಿಟ್ಟು, ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ಏನನ್ನು ನೋಡಲು ಹೋಗಿದ್ದರೆಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ವರ್ಷಗಳು ಕಳೆದ ಮೇಲೂ ಆ ರಾತ್ರಿ ಅವರಿಗೆ ಮರೆಯಲಿಲ್ಲ.

ಆದರೆ ಠಾಕೂರರಿಗೆ ಮೂರು ದಿನದ ರಜೆಯ ಅವಸರವಿರಲಿಲ್ಲ, ಜೊತೆಯಲ್ಲಿ ಆರು ವರ್ಷದ ಹುಡುಗನೂ ಇರಲಿಲ್ಲ ಎಂದು ಧಾರವಾಡದ ಯಜಮಾನರು ಹೇಳಿದರೆ ಅದೂ ಸರಿಯೇ. ಸಾಲವೋ ಉಳಿತಾಯವೋ, ಹಣ ಖರ್ಚಾಗುತ್ತದೆ. ತಾಯಿಯನ್ನು ಇನ್ನೊಮ್ಮೆ ಘಟ್ಟವಿಳಿಸಿ ಕರೆದುಕೊಂಡು ಹೋಗುವುದಾಗುತ್ತದೆಯೋ ಇಲ್ಲವೋ. ಬರಿಗಣ್ಣಿನಿಂದ ಮರಳಿ ಬಂದ ಮಕ್ಕಳ ಮುಖ ನೋಡುವ ಕಷ್ಟ ಬೇರೆ. ಈ ಸಂಕಟವನ್ನು ಕಂಡು ನಗುವವರು ಮಕ್ಕಳನ್ನು ಸಾಕಿದವರಲ್ಲ. ಹೀಗಿದ್ದರೂ, ಹಣ ತೆತ್ತವನಿಗೆ ದೋಣಿಯ ಮೇಲೆ ಅಧಿಕಾರವುಂಟು, ದೋಣಿಯವನ ಒಂದು ಗಂಟೆಯ ದುಡಿಮೆಯ ಮೇಲೆ ಅಧಿಕಾರವುಂಟು. ಅದಕ್ಕಿಂತ ಮುಂದೆ, ನೀರಿನ ಅಂಚಿನಲ್ಲಿ, ಅದು ನಿಲ್ಲುತ್ತದೆ.

ಯಜಮಾನರು ದೋಣಿಯವನೊಡನೆ ಹೊಸದಾಗಿ ಮಾತಾಡಿದರು. ಕಂಡರೂ ಕಾಣದಿದ್ದರೂ ಪೂರ್ತಿ ಬಾಡಿಗೆ. ಕಂಡರೆ ದೂರದಲ್ಲಿಯೇ ಯಂತ್ರವನ್ನು ನಿಲ್ಲಿಸಬೇಕು. ಬೇರೆ ದೋಣಿ ಮೊದಲೇ ಅಲ್ಲಿದ್ದರೆ ಆ ಕಡೆಗೆ ಹೋಗಕೂಡದು. ಅವು ತಿರುಗಿ ಹೊರಟರೆ ಹಿಂಬಾಲಿಸಕೂಡದು. "ಕಾಣದಿದ್ದರೂ ಪೂರ್ತಿಯೇ?" ಎಂದು ಅವನು ಎರಡು ಸಲ ಕೇಳಿದನು. ಉಳಿದೆರಡು ಮುಂಜಾವು ದೋಣಿಯಿಲ್ಲದೆ ದೇವಬಾಗದ ಮರಳಿನಲ್ಲಿ ಕುಳಿತುಕೊಳ್ಳುವುದೆಂದಾಯಿತು. ಅಜ್ಜಿಗೂ ಅದೇ ಅನುಕೂಲ. ಕಾಗದದಲ್ಲಿ 8 ಗಂಟೆಯ ಮುಂದಿದ್ದ ಮಾತನ್ನು ಹೊಡೆದುಹಾಕಿ, ಮಗಳು ಅಲ್ಲಿ "ಸಮುದ್ರ" ಎಂದು ಬರೆದಳು. ಮಗನಿಗೆ ಮಾತ್ರ ಇದಾವುದೂ ಒಪ್ಪಿಗೆಯಾಗಲಿಲ್ಲ. "ಬರದಿದ್ರ ಏನ್ ಮಾಡೋದಜ್ಜಿ?" ಎಂದು ಅವನು ಅಜ್ಜಿಯ ಸೆರಗು ಹಿಡಿದನು. "ನಾವು ಬಂದಿದ್ವಿ ಅಂತ ಅವಕ್ಕ ಗೊತ್ತಾಗಿರತೈತಿ, ತಡಿ" ಎಂದು ಅಜ್ಜಿ ಅವನನ್ನು ಹತ್ತಿರ ಕೂರಿಸಿಕೊಂಡರು. ಅವನು ನಂಬಲಿಲ್ಲ.